ಜೋಡಿ ಕೂತವಳು

ಅಂಜಿಕೆಯನ್ನು ಮೈಯಿಂದ ತೆಗೆದುಹಾಕಬಹುದು ಎಂದು ಗೊತ್ತಾದ ಕಾಲದಲ್ಲಿ, ತೆಗೆದದ್ದನ್ನು ಎಲ್ಲಿ ಹಾಕುತ್ತಾರೆ ಎಂದು ಮೊದಲು ಕೇಳಿದವಳು ಶಂಕ್ರವ್ವ.

ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರಗಳು ನಿಂತಿದ್ದ ಊರು ಅದು. ಊರವರು ಅವನ್ನು ಫ್ಯಾನು ಎನ್ನುತ್ತಿದ್ದರು. ಶಂಕ್ರವ್ವನ ಮಗ ಫಕೀರೇಶ ಆ ಫ್ಯಾನುಗಳನ್ನೇರಿ ರಿಪೇರಿ ಮಾಡುವ ಕೆಲಸಗಾರ. ಕಂಬದ ಹೊಟ್ಟೆಯೊಳಗೆ ಕಬ್ಬಿಣದ ಏಣಿ. ಅದರ ತುದಿಯಲ್ಲಿ ಒಂದು ಸಣ್ಣ ಬಾಗಿಲು. ಅದನ್ನು ತೆರೆದು ಹೊರಬಂದರೆ ಕಾಲ ಕೆಳಗೆ ಹೊಲಗಳು ಅಂಗೈಯಷ್ಟಾಗಿ ಕಾಣುತ್ತಿದ್ದವು. ಮದುವೆಗೆ ಮೊದಲಿನಿಂದಲೂ ಅದನ್ನೇ ಏರುತ್ತಿದ್ದವನು, ಆ ವರ್ಷದ ಯುಗಾದಿ ಕಳೆದ ಮೇಲೆ ಒಂದು ದಿನ ಅರ್ಧ ಏಣಿಯಲ್ಲಿ ನಿಂತುಬಿಟ್ಟ. ಮೇಲೆ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಜೊತೆಗಾರ ಮೌಲಾಲಿ ಏರಿ ಹೋಗಿ, ಮಗುವನ್ನು ಮಾತಾಡಿಸುವಂತೆ ಮಾತಾಡಿಸುತ್ತ ಇಳಿಸಿಕೊಂಡು ಬಂದ.

ಕಂಪನಿಯವರು ಬೈಯಲಿಲ್ಲ. ಅಭಯ ಕೇಂದ್ರಕ್ಕೆ ಹೋಗಿ ಬಾ, ಖರ್ಚು ನಮ್ಮದು, ಹೋಗದಿದ್ದರೆ ಕೆಲಸದ ಆಸೆ ಬಿಡು ಎಂದರು, ಅಷ್ಟೆ.

ಅಭಯ ಕೇಂದ್ರ ಪಟ್ಟಣದ ಹೊರಗಿತ್ತು. ಅಲ್ಲಿಯ ಡಾಕ್ಟರು ವೈಜಯಂತಿ ಕಟ್ಟಿ, ಧಾರವಾಡದವರು. ಯಂತ್ರವನ್ನು ಕಟ್ಟಿದವರೂ ಅವರೇ. ಇಸ್ತ್ರಿ ಮುರಿಯದ ಸೀರೆ, ಏರಿಳಿತವಿಲ್ಲದ ಮಾತು. ಎದುರು ಕೂತವರಿಗೆ ಇವರ ಮಡಿಲಲ್ಲಿ ಏನನ್ನು ಬೇಕಾದರೂ ಇಟ್ಟು ಹೋಗಬಹುದು ಅನ್ನಿಸುತ್ತಿತ್ತು. ಗಂಡ ಫಕೀರೇಶ ಮತ್ತು ಅತ್ತೆಯ ಜೊತೆ ಬಂದಿದ್ದ ಸುಗಲಾಳಿಗೂ ಹಾಗೇ ಅನ್ನಿಸಿತು.

"ನೋಡ್ರಿ, ಹಾವು ಕಂಡಾಗ ಬರೂ ಅಂಜಿಕಿ ಬ್ಯಾರೆ. ಅದನ್ನ ನಾವು ಮುಟ್ಟೂದಿಲ್ಲ," ಎಂದರು ಡಾಕ್ಟರು. "ಇದು ಯಾವ ಕಾರಣಾನೂ ಇಲ್ಲದ್ದು. ಒಬ್ಬರಽ ಕೂತಾಗ ಒಳಗ ಜುಂ ಅಂತದಲ್ಲ, ಅದು. ಮಿದುಳಿನ ತಳದಾಗ ಅದೊಂದು ನೀರಿನ ಅಲಿ ಇದ್ದಂಗ. ಅದಕ್ಕ ಎದುರಾಗಿ ಇನ್ನೊಂದು ಅಲಿ ಬಿಟ್ರ ಎರಡೂ ಕೂಡಿ ಸಪಾಟ ಆಗ್ತಾವ. ಆದ್ರ ಎದುರ ಅಲಿಗೆ ಅಳತಿ ಬೇಕಲ್ಲ? ಅದಕ್ಕ ಪೇಷಂಟ ನಂಬಿದವರೊಬ್ಬರು ಬಾಜೂಕ ಕೈ ಹಿಡಕೊಂಡು ಕೂಡಬೇಕು. ಅದಕ್ಕ ನಾವು ಜೋಡಿ ಕೂಡೂದು ಅಂತೀವಿ. ಅವರ ಸಮಾಧಾನದ ಅಳತಿ ತಗೊಂಡು ಇವರಿಗೆ ಹಚ್ಚತೀವಿ. ಅಂಗಿ ಅಳತಿ ಕೊಟ್ಟಂಗ. ಕೊಟ್ಟವರದು ಏನೂ ಕಡಿಮಿ ಆಗೂದಿಲ್ಲ."

"ಬಾಯಾರ, ತಗದದ್ದನ್ನ ಎಲ್ಲಿ ಹಾಕ್ತೀರಿ?" ಎಂದಳು ಶಂಕ್ರವ್ವ.

"ಅಂದ್ರ?"

"ದೃಷ್ಟಿ ತಗೀತೀವಲ್ರಿ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕ್ತೀವಿ. ಇಲ್ಲಾಂದ್ರ ಮೂರು ದಾರಿ ಕೂಡಿದಲ್ಲಿ ಚೆಲ್ಲಿ, ಯಾರೂ ತುಳೀಬ್ಯಾಡ್ರೆಪಾ ಅಂತ ಹೇಳಿ ಬರ್ತೀವಿ. ತಗದ ಮ್ಯಾಲ ಅದು ಎಲ್ಲರೆ ಇರಬೇಕಲ್ರಿ?"

ಡಾಕ್ಟರು ನಕ್ಕರು. "ಎಲ್ಲೂ ಇರೂದಿಲ್ಲವಾ. ಕರಗಿ ಹೋಗ್ತದ."

"ಸಕ್ಕರಿ ಕರಗಿದ್ರ ನೀರು ಸಿಹಿ ಆಗತೈತ್ರಿ."

"ಅವ್ವಾ, ಗಂಡಸು ಏಣಿಯೊಳಗ ಅಂಜಿ ಕುಂತನಂತ ಊರೆಲ್ಲ ನಗಾಕತ್ತೈತಿ," ಎಂದ ಫಕೀರೇಶ. "ನೀ ಇಲ್ಲಿ ಉಪ್ಪು ಸಕ್ಕರಿ ಅಂಗಡಿ ತಗದೀ."

ಸುಗಲಾ ಜೋಡಿ ಕೂತಳು. ಇಬ್ಬರ ತಲೆಗೂ ಬಲೆಯಂಥ ಟೊಪ್ಪಿಗೆ ಹಾಕಿದರು. ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು. ಅವನದು ಗುಡ್ಡದ ಸಾಲಿನಂತೆ, ಅವಳದು ಉತ್ತು ಹರಗಿ ಸಮ ಮಾಡಿದ ಹೊಲದಂತೆ. ಅಳತೆ ಸಿಕ್ಕ ಮೇಲೆ ಡಾಕ್ಟರು ಅವಳ ಗೆರೆಯನ್ನು ಪರದೆಯಿಂದ ತೆಗೆದರು. ಅದರ ಕೆಲಸ ಮುಗಿದಿತ್ತು. ನೋಡನೋಡುತ್ತ ಅವನ ಗುಡ್ಡಗಳು ತಗ್ಗಿ ಬಯಲಾದವು. ಫಕೀರೇಶ ಕಣ್ಣು ತೆರೆದು, "ಹಸಿವಾಗೇತಿ," ಎಂದ.

ಮನೆಗೆ ಬಂದ ಫಕೀರೇಶ ಬೇರೆಯೇ ಮನುಷ್ಯನಾಗಿದ್ದ. ಹಾಸಿಗೆಗೆ ಬಿದ್ದೊಡನೆ ನಿದ್ದೆ, ಎದ್ದೊಡನೆ ಹಾಡು. ಫ್ಯಾನು ಏರಿದ, ಇಳಿದ, ಮತ್ತೆ ಏರಿದ. ಕಂಪನಿಯವರು ಅವನನ್ನು ಉಳಿದವರಿಗೆ ತೋರಿಸಿ ಮಾತಾಡಿದರು. ಒಂದು ಸಂಗತಿ ಮಾತ್ರ ಶಂಕ್ರವ್ವನ ಕಣ್ಣಿಗೆ ಬಿತ್ತು. ಮೊದಲೆಲ್ಲ ಲಿಂಗಪೂಜೆಗೆ ಕೂತರೆ ಅಂಗೈಯ ಲಿಂಗವನ್ನು ಬಹಳ ಹೊತ್ತು ದಿಟ್ಟಿಸುತ್ತಿದ್ದವನು ಈಗ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಎದ್ದುಬಿಡುತ್ತಿದ್ದ. ದೇವರ ಹತ್ತಿರ ಅವನಿಗೆ ಮಾತೇ ಉಳಿದಿರಲಿಲ್ಲ.

ಸುಗಲಾಳಿಗೆ ಆದದ್ದು ಮಾಳಿಗೆಯ ಮೇಲೆ. ಶಾವಿಗೆ ಒಣಹಾಕಲು ಏರಿದ್ದಳು. ಪಕ್ಕದ ಮನೆಯ ಕೂಸು ಸೊಂಟದ ಮೇಲಿತ್ತು. ಅಂಚಿನ ಹತ್ತಿರ ಬಂದಾಗ ಒಂದು ವಿಚಾರ ಎದ್ದಿತು: ಈ ಕೈಯನ್ನು ನಾನು ಸಡಿಲ ಬಿಟ್ಟರೆ?

ಕೂಸು ಜಾರೀತು ಎಂಬ ಭಯವಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು. ಇದು ಹಾಗಿರಲಿಲ್ಲ. ಕೂಸನ್ನು ಹಿಡಿದಿರುವುದು ತನ್ನ ಕೈ. ಆ ಕೈಯನ್ನು ಮಾತ್ರ ಯಾರೂ ಹಿಡಿದಿಲ್ಲ. ಬಿಡಬೇಡ ಎನ್ನಲು ತಾನಲ್ಲದೆ ಇನ್ನೊಬ್ಬರಿಲ್ಲ. ಅವಳು ಅಲ್ಲೇ ಕುಸಿದು ಕೂತು, ಕೂಸನ್ನು ಎದೆಗೊತ್ತಿಕೊಂಡು, ಶಿವಶಿವಾ ಎಂದಳು. ಹುಟ್ಟಿದಾಗಿನಿಂದ ಮಾಳಿಗೆಗಳ ಅಂಚಿನಲ್ಲೇ ಓಡಾಡಿ ಬೆಳೆದ ಹೆಣ್ಣು ಅವಳು.

ಆಮೇಲೆ ಅದು ಎಲ್ಲೆಂದರಲ್ಲಿ ಬರತೊಡಗಿತು. ಈಳಿಗೆಯ ಮುಂದೆ, ಒಲೆಯ ಮುಂದೆ. ತನ್ನ ಕೈಗಳನ್ನು ತಾನೇ ಅನುಮಾನದಿಂದ ನೋಡಿಕೊಳ್ಳುವ ಹಾಗಾಯಿತು. ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಕೊನೆಗೆ ಜ್ವರ ಹಿಡಿದು ಮಲಗಿದಳು. ಹಿಂದೊಮ್ಮೆ ಅವಳಿಗೆ ಬರೀ ನೆಗಡಿಯಾದಾಗ ದವಾಖಾನೆಯ ಬಾಗಿಲು ಬಡಿದಿದ್ದ ಗಂಡ ಈಗ ತಲೆಬಾಗಿಲಲ್ಲಿ ನಿಂತು, "ಆರಾಮ ಆಗತೈತಿ ತಗೋ," ಎಂದು ಕುಸ್ತಿ ನೋಡಲು ಹೊರಟ. ಮುಖದಲ್ಲಿ ಕಠೋರತೆಯೇನೂ ಇರಲಿಲ್ಲ. ಅವನು ಮೋಸ ಮಾಡುತ್ತಿದ್ದರೆ ಹಿಡಿಯಬಹುದಿತ್ತು, ಅಂದುಕೊಂಡಳು ಸುಗಲಾ. ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

ಜ್ವರ ಬಿಟ್ಟ ಮೇಲೆ ಒಂದು ಸಂಜೆ ಮೌಲಾಲಿ ಬಂದ. ಫಕೀರೇಶ ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬಂದಿದ್ದ.

"ವೈನಿ, ಒಂದು ಮಾತು. ನಾ ಹೇಳಿದ್ನಿ ಅಂತ ಅನ್ನಬ್ಯಾಡ್ರಿ. ಫಕೀರಣ್ಣ ಹುಕ್ಕು ಹಾಕವಲ್ಲ."

ಏರುವವರ ಸೊಂಟದ ಬೆಲ್ಟಿಗೆ ಒಂದು ಹುಕ್ಕು ಇರುತ್ತದೆ. ಏಣಿಯ ಪಕ್ಕದ ತಂತಿಗೆ ಅದನ್ನು ಸಿಗಿಸಿದರೆ ಕೈ ಜಾರಿದರೂ ಜೀವ ಉಳಿಯುತ್ತದೆ.

"ಮರ್ತಾರೇನು?"

"ಮರ್ತಿದ್ರ ನೆನಪ ಮಾಡತಿದ್ನಿ. ಹಾಕಪಾ ಅಂದ್ರ, ಕೈ ಐತಲ್ಲೋ ಅಂತ ನಗತಾನ. ಮೊದಲ ಹೆಂಗಿದ್ದ ಗೊತ್ತೇನ್ರಿ? ಹುಕ್ಕು ಸಿಗಿಸಿ ಜಗ್ಗಿ ನೋಡಾವ. ಮತ್ತ ಜಗ್ಗಾವ. ಆಮ್ಯಾಲ ನಂದೂ ಜಗ್ಗಾವ. ಕನ್ಯಾ ನೋಡಾಕ ಬಂದಾರಂಗ ನೋಡ್ತೀಯಲ್ಲೋ ಅಂತ ನಾ ಕಾಡಸ್ತಿದ್ನಿ." ಮೌಲಾಲಿ ನಗಲು ನೋಡಿದ, ಆಗಲಿಲ್ಲ. "ನಾಡದ್ದು ಫ್ಯಾನಿನ ರೆಕ್ಕಿ ಕೆಲಸ ಐತಿ. ಹೊರಗ ಹಗ್ಗದ ಮ್ಯಾಲ ಜೋತು ಮಾಡೂದು. ಹಿಂಗಽ ಹೋದ್ರ ಅವ ಉಳಿಯೂದಿಲ್ರಿ."

ಸುಗಲಾ ಗೋಡೆಗೆ ಒರಗಿದಳು. "ತಮ್ಮಾ, ಮೊದಲ ಅವರಿಗೆ ಏಣಿ ಮ್ಯಾಲ ಏನಂತ ಅಂಜಿಕಿ ಬರ್ತಿತ್ತು? ಬೀಳ್ತೀನಂತನಾ?"

"ಬೀಳೂದಲ್ಲಂತ. ಒಮ್ಮೆ ನನಗ ಹೇಳಿದ್ದ. ನಾನಽ ಕೈ ಬಿಟ್ರ ಹೆಂಗೋ ಮೌಲಾ, ಅಂದಿದ್ದ. ಹುಚ್ಚ ಅಂತ ನಾ ನಕ್ಕಬಿಟ್ಟೆ."

ಸುಗಲಾ ನಗಲಿಲ್ಲ. ತೆಗೆದದ್ದನ್ನು ಎಲ್ಲಿ ಹಾಕಿದ್ದಾರೆ ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು.

ಬೆಳಗಿನ ಬಸ್ಸಿಗೆ ಒಬ್ಬಳೇ ಅಭಯ ಕೇಂದ್ರಕ್ಕೆ ಹೋದಳು. ಡಾಕ್ಟರು ಗೊತ್ತಿದ್ದೇ ಮಾಡಿದ್ದಾರೆ ಎಂಬ ಸಂಶಯ ದಾರಿಯುದ್ದಕ್ಕೂ ಅವಳ ಜೊತೆ ಕೂತಿತ್ತು. ಬಾಗಿಲು ಹಾಕಿಸಿಯಾರು, ಹುಚ್ಚಿ ಎಂದಾರು, ಅದಕ್ಕೆಲ್ಲ ಉತ್ತರ ಹೊಂದಿಸಿಕೊಂಡೇ ಹೋಗಿದ್ದಳು. ಯಾವುದೂ ಬೇಕಾಗಲಿಲ್ಲ.

"ನನ್ನ ಗೆರಿ ತೋರಸ್ರಿ," ಎಂದೊಡನೆ ಡಾಕ್ಟರು ಟೊಪ್ಪಿಗೆ ತೊಡಿಸಿದರು. ಪರದೆಯ ಮೇಲೆ ಗುಡ್ಡದ ಸಾಲು ಎದ್ದಿತು. ಫಕೀರೇಶನ ಹಳೆಯ ಗೆರೆಯನ್ನು ತೆಗೆದು ಅದರ ಮೇಲಿಟ್ಟರು. ಒಂದರ ಮೇಲೊಂದು ಕೂತು ಒಂದೇ ಆಯಿತು.

"ಹೌದು," ಎಂದರು ಡಾಕ್ಟರು, ಬಸ್ಸಿನ ವೇಳೆ ಹೇಳುವವರ ಹಾಗೆ. "ನಿಮ್ಮ ಯಜಮಾನರದು ನಿಮಗ ಬಂದದ."

"ನಿಮಗ ಗಾಬರಿ ಆಗವಲ್ದೇನ್ರಿ?"

"ಇಲ್ಲ."

"ಇಷ್ಟು ಮಂದಿಗೆ ಮಾಡೀರಿ. ಜೋಡಿ ಕುಂತವರನ್ನ ಒಮ್ಮೆರೆ ನೋಡಿಲ್ಲೇನು?"

ಡಾಕ್ಟರು ಸ್ವಲ್ಪ ಯೋಚಿಸಿದರು. "ನೋಡಬೇಕು ಅಂತ ಅನಿಸಲೇ ಇಲ್ಲ."

ಆ ಮಾತು ಸುಗಲಾಳಿಗೆ ಎಲ್ಲೋ ಕೇಳಿದಂತಿತ್ತು. ಕೈ ಐತಲ್ಲೋ. ಆರಾಮ ಆಗತೈತಿ ತಗೋ. ಅವಳು ಮುಂದೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದಳು: "ಬಾಯಾರ, ನಿಮಗೂ ಇದನ್ನ ಮಾಡ್ಯಾರೇನ್ರಿ?"

"ನಾನಽ ಮೊದಲನೇ ಪೇಷಂಟು. ಬ್ಯಾರೆಯವರಿಗೆ ಮಾಡೂಕ್ಕಿಂತ ಮೊದಲ ನಾ ಮಾಡಿಸಿಕೋಬೇಕಲ್ಲ?"

"ನಿಮಗ ಜೋಡಿ ಯಾರು ಕುಂತಿದ್ರು?"

"ನಮ್ಮವ್ವ."

"ಈಗ ಹೆಂಗದಾರ?"

"ಛಲೋ ಅದಾಳ. ಖೋಲಿ ಬಿಟ್ಟು ಹೊರಗ ಬರೂದಿಲ್ಲ. ಬಾಗಲಾ ತಗದ್ರ ಅಂಜತಾಳ. ಕೈಯಾಗ ಏನೂ ಹಿಡಕೊಳ್ಳೂದಿಲ್ಲ, ಚಹಾದ ಕಪ್ಪಸುದ್ದಾ. ವಯಸ್ಸಾತು ಅಂತ ನಾವು..."

ವೈಜಯಂತಿಯವರು ಪರದೆಯನ್ನು ನೋಡುತ್ತ ಕೂತರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸುಗಲಾಳಿಗೆ ಅವರ ಮೇಲಿದ್ದ ಸಿಟ್ಟು ಇಳಿದು, ಅದರ ಜಾಗದಲ್ಲಿ ಎಣ್ಣೆ ತೀರಿದ ದೀಪವನ್ನು ನೋಡಿದಂಥ ಸಂಕಟವಾಯಿತು.

"ನನಗ ಈಗ ಏನೂ ಅನಸವಲ್ದು ಸುಗಲಾ," ಎಂದರು ಕಡೆಗೆ. "ಅನಸಬೇಕಿತ್ತು ಅನ್ನೂದಷ್ಟ ತಿಳೀತದ."

"ತಿರುಗಿ ಕೊಡಾಕ ಬರತೈತೇನ್ರಿ?"

"ಬರಬೇಕು. ಮಾಡಿ ನೋಡಿಲ್ಲ. ಆದ್ರ ತಗೊಳ್ಳಾವ್ರು ತಾವಾಗಿ ತಗೋಬೇಕು. ಜುಲುಮೀಲೆ ಕೂಡಿಸಿದ್ರ ಅಲಿ ಹೊರಳೂದಿಲ್ಲ."

ತಾವಾಗಿ. ಬೇನೆಯೇ ಇಲ್ಲದವನಿಗೆ ಬೇನೆ ಬೇಕು ಅನ್ನಿಸುವುದು ಹೇಗೆ? ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕೂತ ಸುಗಲಾ ಅದನ್ನೇ ದೇವರ ಮುಂದಿಟ್ಟಳು. ದೇವರು ಉತ್ತರ ಕೊಡಲಿಲ್ಲ. ಅವನು ಹಾಗೆ ಸುಮ್ಮನಿರುವುದು ಕೂಡ ಅವಳಿಗೆ ಆ ಹೊತ್ತು ಒಂದು ಬಗೆಯ ಮರ್ಯಾದೆಯೆನ್ನಿಸಿತು, ನೀನೇ ನೋಡಿಕೋ ಎಂದಂತೆ.

ಫಕೀರೇಶ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿದ.

"ನನಗೇನು ಕಡಿಮಿ ಆಗೈತಿ ಅಂತ ತಿರುಗಿ ತಗೋಬೇಕು?" ಎಂದ. "ನಿನಗ ನಾ ಧೈರ್ಯವಂತ ಆದದ್ದು ಸೇರವಲ್ದು. ಅಂಜಿದ ಗಂಡ ಸೆರಗು ಹಿಡಕೊಂಡು ಮನ್ಯಾಗಿರ್ತಾನಲ್ಲ, ಅದು ಬೇಕು ನಿನಗ."

"ಅದು ಧೈರ್ಯ ಅಲ್ರಿ."

"ಮತ್ತೇನು?"

ಸುಗಲಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ತಮ್ಮಾ, ನಿಂದನ್ನ ಆಕೀ ಹೊತ್ತಾಳೋ," ಎಂದಳು ಶಂಕ್ರವ್ವ. "ನಿನ್ನ ಚೀಲ ನೀ ಹೊರೂದಿಲ್ಲೇನು?"

"ಆ ಡಾಕ್ಟರಬಾಯಿ ಮಶೀನು, ಈಕೀ ತಲಿ, ಎರಡೂ ಕೆಟ್ಟಾವ," ಎಂದು ಫಕೀರೇಶ ಮಜ್ಜಿಗೆ ಕುಡಿದೆದ್ದ. ಸಿಟ್ಟಿನಿಂದ ಹೇಳಿದ್ದರೆ ಸುಗಲಾ ವಾದಿಸುತ್ತಿದ್ದಳು. ಅವನು ನಗುನಗುತ್ತಲೇ ಹೇಳಿದ.

ರೆಕ್ಕೆ ಕೆಲಸದ ದಿನ ಸುಗಲಾ ಗುಡ್ಡಕ್ಕೆ ಬಂದಾಗ ಅವನು ಆಗಲೇ ಕಂಬದೊಳಗೆ ಏರಿಯಾಗಿತ್ತು. ಬುಡದ ಬಾಗಿಲಲ್ಲಿ ಮೌಲಾಲಿ ಹಗ್ಗ ಸುತ್ತುತ್ತ ನಿಂತಿದ್ದ.

"ನಿನ್ನ ಬೆಲ್ಟ ಕೊಡು ತಮ್ಮಾ."

"ಅಯ್ಯೋ ವೈನಿ! ಸಾಹೇಬ್ರು ನೋಡಿದ್ರ ನನ್ನ ಕೆಲಸ ಹೋಗತೈತಿ."

"ನಿನ್ನ ಕೆಲಸ ಹೋದ್ರ ಇನ್ನೊಂದು ಸಿಗತೈತಿ. ಅವರು ಹೋದ್ರ?"

ಮೌಲಾಲಿ ಆಕಾಶ ನೋಡಿದ, ನೆಲ ನೋಡಿದ, ಆಮೇಲೆ ಬೆಲ್ಟು ಬಿಚ್ಚಿ ಅವಳ ಸೊಂಟಕ್ಕೆ ಬಿಗಿದು, ಹುಕ್ಕು ಸಿಗಿಸುವುದನ್ನು ತೋರಿಸಿಕೊಟ್ಟ. ಸುಗಲಾ ಸೀರೆಯನ್ನು ಕಚ್ಚೆ ಹಾಕಿ ಏಣಿ ಹಿಡಿದಳು.

ಕಂಬದೊಳಗೆ ಗಾಳಿ ಒಂದೇ ಸಮನೆ ಮೊರೆಯುತ್ತಿತ್ತು. ಮೊದಲ ಮೆಟ್ಟಿಲುಗಳಲ್ಲಿ ಏನೂ ಆಗಲಿಲ್ಲ. ಬುಡದ ಬೆಳಕು ಚಿಕ್ಕದಾಗುತ್ತಿದ್ದಂತೆ ಅದು ಬಂತು. ಒಂದು ಕೈ ಬಿಟ್ಟು ಮೇಲಿನ ಮೆಟ್ಟಿಲು ಹಿಡಿಯಬೇಕು. ಆ ನಡುವಿನ ಗಳಿಗೆಯಲ್ಲಿ ಅವಳ ಜೀವ ಅವಳೊಬ್ಬಳ ವಶದಲ್ಲಿತ್ತು. ಹಿಡಿಯುವುದೆಂದರೆ ಒಮ್ಮೆ ಹಿಡಿದು ಮುಗಿಸುವ ಕೆಲಸ ಎಂದು ಅವಳು ತಿಳಿದಿದ್ದಳು. ಇಲ್ಲಿ ಪ್ರತಿ ಗಳಿಗೆಯೂ ಮತ್ತೆ ಹಿಡಿಯಬೇಕು, ಬಿಡಲು ಬರುತ್ತದೆ ಎಂದು ಗೊತ್ತಿದ್ದೂ ಹಿಡಿಯಬೇಕು. ಬೆವರು ಕಣ್ಣಿಗಿಳಿಯಿತು. ಇನ್ನೊಂದು ಮೆಟ್ಟಿಲು. ಇನ್ನೊಂದು. ಆಮೇಲೆ ಬೆರಳುಗಳು ಕಬ್ಬಿಣಕ್ಕೆ ಕಚ್ಚಿಕೊಂಡವು. ಮೇಲೂ ಇಲ್ಲ, ಕೆಳಗೂ ಇಲ್ಲ.

"ಮೌಲಾ?" ಮೇಲಿನಿಂದ ಫಕೀರೇಶನ ದನಿ. ಸಿಳ್ಳೆ ಹಾಕುತ್ತ ಇಳಿದು ಬಂದವನು ಅವಳನ್ನು ಕಂಡು ನಿಂತ. ಅವನ ಹುಕ್ಕು ಸೊಂಟದಲ್ಲಿ ಸುಮ್ಮನೆ ತೂಗುತ್ತಿತ್ತು. "ಏ, ನೀ ಇಲ್ಲಿ! ಯಾರು ಬಿಟ್ರು ನಿನ್ನ? ಇಳಿ."

"ಆಗವಲ್ದು."

"ಬೀಳೂದಿಲ್ಲ. ಹುಕ್ಕು ಹಾಕೀಯಲ್ಲ."

"ಬೀಳೂದಕ್ಕ ಅಂಜಿಲ್ರಿ. ಹುಕ್ಕು ಬಿಚ್ಚಾಕ ನನಗ ಬರತೈತಿ. ಅದಕ್ಕ ಅಂಜೀನಿ."

ಫಕೀರೇಶ ಒಂದು ಮೆಟ್ಟಿಲು ಕೆಳಗಿಳಿದ. ಕೈ ಬಿಡುವ ಮಾತನ್ನು ಅವನು ಮೌಲಾಲಿಗೆ ಹೇಳಿದ್ದ. ಹುಕ್ಕಿನ ಮಾತನ್ನು ಹುಟ್ಟಿದವರಿಗೆ ಯಾರಿಗೂ ಹೇಳಿರಲಿಲ್ಲ. ಎಷ್ಟು ಸಲ ಜಗ್ಗಿ ನೋಡಿದರೂ ಅದನ್ನು ಬಿಚ್ಚುವ ಕೈ ತನ್ನದೇ ಎಂದು ಅವನಿಗೆ ಅನ್ನಿಸುತ್ತಿತ್ತು. ಅದಕ್ಕಾಗಿಯೇ ಮತ್ತೆ ಮತ್ತೆ ಜಗ್ಗುತ್ತಿದ್ದ.

"ದಿನಾ ಹಿಂಗಽ ಆಕ್ಕಿತ್ತೇನ್ರಿ ನಿಮಗ?"

"ಹೂಂ."

"ನನ್ನ ಮದುವಿ ಆಗೂಕ್ಕಿಂತ ಮೊದಲಿಂದ?"

"ಹೂಂ."

"ಆದ್ರೂ ಏರತಿದ್ರಿ." ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. "ನಾ ಇಷ್ಟು ಏರೂದ್ರಾಗ ಸತ್ತು ಹುಟ್ಟೀನಿ. ನೀವು ಇದನ್ನ ಹೊತಗೊಂಡು ತುದಿ ಮಟ ಹೋಗಿ, ಕೆಲಸ ಮಾಡಿ, ಇಳಿದು ಬಂದು ಊಟಕ್ಕ ಕುಂತು, ಪಲ್ಯಾ ಛಲೋ ಆಗೈತಿ ಅಂತಿದ್ರಿ. ನಿಮ್ಮನ್ನ ಪುಕ್ಕಲ ಅಂದವರು ಯಾರ್ರೀ?"

ಗಾಳಿ ಕಂಬವನ್ನು ಒಮ್ಮೆ ತುಸು ವಾಲಿಸಿ ಬಿಟ್ಟಿತು.

"ನಾನಽ," ಎಂದ ಫಕೀರೇಶ.

ಅವನ ಕಣ್ಣು ಅವಳ ಬೆರಳುಗಳ ಮೇಲಿತ್ತು. ರಕ್ತವಿಲ್ಲದೆ ಬೆಳ್ಳಗಾದ ಬೆರಳುಗಳು. ಅವನಿಗೆ ಈಗಲೂ ಭಯವಿರಲಿಲ್ಲ. ಏಣಿ ಅವನಿಗೆ ಬರೀ ಏಣಿಯಾಗಿತ್ತು. ಆದರೆ ಇಷ್ಟು ವರ್ಷ ತಾನು ನಾಚಿಕೊಂಡು ಬಚ್ಚಿಟ್ಟದ್ದು ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ಅವನು ಅಂದೇ ನೋಡಿದ. ಅದು ಹೇಡಿಯ ಮುಖದಂತೆ ಕಾಣಲಿಲ್ಲ.

"ನೀವು ಹುಕ್ಕು ಹಾಕೋತನಕ ನಾ ಇಳಿಯೂದಿಲ್ಲ," ಎಂದಳು.

ಫಕೀರೇಶ ಹುಕ್ಕನ್ನು ಕೈಗೆ ತೆಗೆದುಕೊಂಡು, ಅದರ ಉಪಯೋಗವೇನೆಂದು ನೆನಪಿಸಿಕೊಳ್ಳುವವನಂತೆ ನೋಡಿ, ತಂತಿಗೆ ಸಿಗಿಸಿದ. ಇಬ್ಬರೂ ಇಳಿದರು.

ಅಂದೇ ಮಧ್ಯಾಹ್ನ ಶಂಕ್ರವ್ವನನ್ನೂ ಕರೆದುಕೊಂಡು ಕೇಂದ್ರಕ್ಕೆ ಹೋದಾಗ ಹೊರಗಿನ ಕೋಣೆಯಲ್ಲಿ ಒಬ್ಬ ಮುದುಕಿ ತೆರೆದ ಬಾಗಿಲಿಗೆ ಎದುರಾಗಿ ಕೂತು, ಎರಡೂ ಕೈಯಲ್ಲಿ ಕಪ್ಪು ಹಿಡಿದು ಚಹಾ ಕುಡಿಯುತ್ತಿದ್ದಳು. ಒಳಗೆ ವೈಜಯಂತಿಯವರ ಸೀರೆಯ ನೆರಿಗೆ ಕೆದರಿತ್ತು. ಕಣ್ಣು ಕೆಂಪಾಗಿದ್ದವು. ಟೊಪ್ಪಿಗೆಯ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು, ಮತ್ತೆ ಮೊದಲಿನಿಂದ ಮುಟ್ಟಿ ನೋಡುತ್ತಿದ್ದರು.

"ನನ್ನದು ನಾ ತಗೊಂಡೆ," ಎಂದರು. ದನಿ ಒಡೆದಿತ್ತು. "ನಮ್ಮವ್ವನ ಕೈ ಹಿಡಕೊಂಡು ಕೂತು ತಗೊಂಡೆ. ಜೋಡಿ ಕೂತವರ ಮನಿಮನಿಗೆ ಹೋಗಿ ಹೇಳಬೇಕು. ಹ್ಯಾಂಗ ಹೇಳ್ಲಿ, ಅಂಜಿಕಿ ಬರ್ತದ. ಫಕೀರೇಶ, ನನಗ ಸರಿಹೋಗೇದ. ನಿಮಗ ಹೋಗ್ತದ ಅಂತ ಮಾತು ಕೊಡಲಿಕ್ಕೆ ಆಗೂದಿಲ್ಲ. ಈ ಮಶೀನಿನ ಮ್ಯಾಲ ನನಗೀಗ ಭರವಸಿ ಇಲ್ಲ."

ಆ ಮಾತು ಕೇಳಿದ ಮೇಲೆಯೇ ಸುಗಲಾಳಿಗೆ ಆ ಡಾಕ್ಟರ ಮೇಲೆ ಭರವಸೆ ಬಂತು.

"ನನಗ ಬೇಕು ಅಂತ ಏನೂ ಅನಸವಲ್ದ್ರಿ ಬಾಯಾರ. ಖರೇನ ಹೇಳ್ತೀನಿ," ಎಂದ ಫಕೀರೇಶ. "ಆದ್ರ ಅದು ನಂದು. ಆಕೀ ಹೊರಬಾರ್ದು." ಕುರ್ಚಿಯ ಮೇಲೆ ತಾನಾಗಿ ಕೂತು, ತಾನಾಗಿ ಹೆಂಡತಿಯ ಕಡೆ ಕೈ ಚಾಚಿದ.

ಈ ಸಲ ಪರದೆಯ ಮೇಲಿನ ಎರಡು ಗೆರೆಗಳಲ್ಲಿ ಒಂದನ್ನೂ ಡಾಕ್ಟರು ತೆಗೆಯಲಿಲ್ಲ. ಎರಡನ್ನೂ ಕಣ್ಣು ಮಿಟುಕಿಸದೆ ನೋಡುತ್ತ ನಿಂತರು. ಒಂದು ಸಾಲಿನ ಗುಡ್ಡಗಳು ಮೆಲ್ಲನೆ ಕರಗಿ ಇನ್ನೊಂದರಲ್ಲಿ ಎದ್ದವು. ಫಕೀರೇಶನ ಕೈ ಮೊದಲು ತಣ್ಣಗಾಯಿತು, ಆಮೇಲೆ ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು. ಅವನು ಹಲ್ಲು ಕಚ್ಚಿದ. ಮೂಲೆಯಲ್ಲಿ ಶಂಕ್ರವ್ವ ಪಂಚಾಕ್ಷರಿ ಹೇಳುತ್ತಿದ್ದಳು.

"ಬಂತು," ಎಂದ ಅವನು. ಅಳುತ್ತಿದ್ದ.

ಹೊರಗೆ ಮೌಲಾಲಿ ಬೈಕಿನ ಮೇಲೆ ಕೂತು ಕಾಯುತ್ತಿದ್ದ. "ಏನಣ್ಣಾ, ಸಾಹೇಬ್ರು ಫೋನ ಮ್ಯಾಲ ಫೋನ ಮಾಡಾಕತ್ತಾರ. ನಾಳೆ ಏರತೀಯೋ, ಇಲ್ಲೋ?"

ಫಕೀರೇಶ ಗುಡ್ಡದ ದಿಕ್ಕಿಗೆ ನೋಡಿದ. ಅಷ್ಟು ದೂರದಿಂದಲೂ ಫ್ಯಾನುಗಳು ತಿರುಗುವುದು ಕಾಣುತ್ತಿತ್ತು. ಅವನು ತುಟಿ ಒದ್ದೆ ಮಾಡಿಕೊಂಡ.

"ಗೊತ್ತಿಲ್ಲೋ. ನಾಳೆ ಏಣಿ ಬುಡಕ ನಿಂತು ಹೇಳ್ತೀನಿ."

"ಏರಂಗಿಲ್ಲ ಅಂದ್ರ ಕೆಲಸ ಹೋಗತೈತಿ, ನೋಡು."

"ಅದಕ್ಕೂ ಅಂಜಿಕಿ ಬರಾಕತ್ತೈತಿ."

ಮೌಲಾಲಿ ಸುಗಲಾಳ ಮುಖ ನೋಡಿದ, ನೀವಾದರೂ ಒಂದು ಮಾತು ಹೇಳಿ ಎನ್ನುವಂತೆ. ಸುಗಲಾ ಹೇಳಲಿಲ್ಲ. ಏರು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅದು ಅವನು ಆಡಬೇಕಾದ ಮಾತಾಗಿತ್ತು.